ಹೆಪ್ಪು

ಐವತ್ತೆರಡು ದಿನ ಬೋಟುಗಳು ಕಟ್ಟಿಹಾಕಿಯೇ ಇದ್ದವು
ಮಂಜೇಶ್ವರದ ಬಂದರಿನಲ್ಲಿ.
ಐಸ್ ಪ್ಲಾಂಟಿನ ಜನರೇಟರೂ ಅಷ್ಟು ದಿನ
ಟಾರ್ಪಾಲು ಹೊದ್ದು ಬಾಯಿಮುಚ್ಚಿ ಕೂತಿತ್ತು.
ಇವತ್ತು ನಡುರಾತ್ರಿಗೆ ನಿಷೇಧ ಮುಗಿಯುತ್ತದೆ.
ಇಂಜಿನೇನೋ ಓಡುತ್ತದೆ, ಬಲ್ಬು ಉರಿಯುವುದಿಲ್ಲ.
ಸಾಲ್ಯಾನ ಧಣಿ ಮೂರು ಸಲ ಫೋನು ಮಾಡಿದರು,
ಮೂರನೆಯದರಲ್ಲಿ ನನ್ನನ್ನು ಮಗಳೇ ಅಂದರು.

ಮುಚ್ಚಳ ಬಿಚ್ಚಿದೆ. ರೆಗ್ಯುಲೇಟರಿನ ಎರಡು ಟರ್ಮಿನಲ್ಲಿಗೆ
ಅಡ್ಡ ಸೇತುವೆಯಾಗಿ ಮಲಗಿತ್ತು ಒಂದು ಹಲ್ಲಿ,
ಒಣಗಿ, ಕಾಗದದಷ್ಟು ಹಗುರ.
ಕೊನೆಯ ದಿನದ ಓಟದಲ್ಲಿ ಸತ್ತದ್ದಿರಬೇಕು.
ಹಲ್ಲಿ ತಲೆಗೆ ಬಿದ್ದರೆ ಏನು, ಭುಜಕ್ಕೆ ಬಿದ್ದರೆ ಏನು
ಪಂಚಾಂಗದಲ್ಲಿ ಉಂಟು.
ಎವಿಆರ್‌ಗೆ ಬಿದ್ದರೆ ಏನೆಂದು ಇಲ್ಲ.
ನಾನು ಬರೆಯುತ್ತೇನೆ: ಏಳೂವರೆ ಸಾವಿರ, ತೆರಿಗೆ ಬೇರೆ.

ಇಂಜಿನು ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ಕಳಚಿ,
ಬ್ರೇಕರ್ ಇಳಿಸಿ ಬೀಗ ಹಾಕಿ,
ಚಾವಿ ನನ್ನ ಜೇಬಿಗೆ. ಯಾರು ಕೇಳಿದರೂ ಇಲ್ಲ.
ಇದು ಅಂದುಂಞಿ ಮೇಸ್ತ್ರಿಯ ಕಟ್ಟಳೆ.
ಎಡಗೈಯ ಎರಡು ಬೆರಳು ಇಲ್ಲದ ಮೇಸ್ತ್ರಿ,
ಉಳಿದ ಮೂರರಲ್ಲೇ ನನಗೆ ಪಾಠ ಎಣಿಸಿದವರು.
"ಟೆಸ್ಟರನ್ನೂ ನಂಬಬೇಡ ಹುಡುಗಿ.
ಮೊದಲು ಜೀವ ಇರುವ ಪ್ಲಗ್ಗಿಗೆ ಇಟ್ಟು ನೋಡು,
ಸತ್ತದ್ದು ವಯರೋ ಟೆಸ್ಟರೋ ಗೊತ್ತಾಗಲಿ."

ಹಳೆಯ ಡಬ್ಬಿ ಬಿಡಿಸುವ ಮೊದಲು ಒಂದೊಂದು ವಯರಿಗೂ
ಬಿಳಿ ಟೇಪು ಸುತ್ತಿ ಹೆಸರು ಬರೆದೆ.
ಪುಸ್ತಕ ಇಂಗ್ಲಿಷಿನದು, ಹೊರಗಿನ ಬೋರ್ಡು ಮಲಯಾಳದ್ದು,
ಮೇಸ್ತ್ರಿಯ ಲೆಕ್ಕ ಬ್ಯಾರಿಯಲ್ಲಿ, ಬೈಗುಳ ತುಳುವಿನಲ್ಲಿ.
ಕೈ ನಡುಗದೆ ನಾನು ಬರೆಯುವುದು ಕನ್ನಡ ಒಂದನ್ನೇ.
ಈ ಜೋಡಿ ಕೇಳಿಸಿಕೊಳ್ಳುವುದು, ಹೊರಗೆ ಎಷ್ಟು ವೋಲ್ಟೆಂದು.
ಈ ಜೋಡಿ ಉಣ್ಣುವುದು.
ಈ ಜೋಡಿ ಫೀಲ್ಡಿಗೆ, ಇದರಲ್ಲಿ
ಕೂಡುವ ಗುರುತು ಕಳೆಯುವ ಗುರುತು ಅದಲುಬದಲಾದರೆ
ಕಬ್ಬಿಣ ಮುನಿಸಿಕೊಳ್ಳುತ್ತದೆ.

ಉಪ್ಪುಗಾಳಿಗೆ ಹಳೆಯ ಲಗ್ಗುಗಳು ಹಸಿರು ಹಿಡಿದಿದ್ದವು.
ಕತ್ತರಿಸಿ, ತವರ ಲೇಪಿಸಿದ ಹೊಸದು ಒತ್ತಿ,
ಎಳೆದು ನೋಡಿದೆ, ಬೀಡಿಯ ಕಟ್ಟಿಗೆ ನೂಲು ಬಿಗಿದು
ಅಮ್ಮ ಎಳೆದು ನೋಡುತ್ತಿದ್ದ ಹಾಗೆ.
ಡಬ್ಬಿಯ ನಾಲ್ಕು ಮೂಲೆಗೆ ರಬ್ಬರಿನ ಬುಶ್ಶು:
ನಡುಗುವ ಮೈಗೆ ಅಂಟಿಕೊಂಡೇ ನಡುಗದಿರಬೇಕಲ್ಲ ಅದು.

ಆಗ ಕಂಡಿತು ಗೋಡೆಯಲ್ಲಿ,
ಚೇಂಜ್‌ಓವರ್ ಸ್ವಿಚ್ಚನ್ನು ತಪ್ಪಿಸಿ ಕಳ್ಳದಾರಿ ಹಿಡಿದ
ಒಂದು ದಪ್ಪ ಕೇಬಲ್, ನೇರ ಮೇನ್ ಬೋರ್ಡಿಗೆ.
"ಅದಿರಲಿ ಮಾರಾಯ್ತಿ, ಹ್ಯಾಂಡಲ್ ಸಿಕ್ಕಿಕೊಳ್ಳುತ್ತಿತ್ತು,
ಹುಡುಗರು ಹಾಗೆ ಮಾಡಿದ್ದು."
ನಾನು ಮಾತಾಡಲಿಲ್ಲ. ಬಾಗಿಲಿಗೆ ಕರೆದು ತೋರಿಸಿದೆ.
ರೈಲು ಹಳಿಯ ಆಚೆ ಕಂಬದ ಮೇಲೆ
ಲೈನ್‌ಮನ್ ಪವಿತ್ರನ್, ಬಾಯಲ್ಲಿ ಇಕ್ಕಳ ಕಚ್ಚಿಕೊಂಡು,
ತಂತಿ ಸತ್ತಿದೆಯೆಂಬ ನಂಬಿಕೆಯಲ್ಲಿ.
ಕೆಳಗೆ ಬೈಕಿನ ಹ್ಯಾಂಡಲಿನಲ್ಲಿ ಅವನ ಬುತ್ತಿ.
ಇಲ್ಲಿಂದ ಹಿಂದಕ್ಕೆ ಹರಿದದ್ದು
ಟ್ರಾನ್ಸ್‌ಫಾರ್ಮರಿನಲ್ಲಿ ಹನ್ನೊಂದು ಸಾವಿರವಾಗಿ ಅಲ್ಲಿ ಮುಟ್ಟುತ್ತದೆ.

ಧಣಿ ತುಂಬ ಹೊತ್ತು ನೋಡಿದರು.
ಆಮೇಲೆ ತಾವೇ ಕಟ್ಟರ್ ಎತ್ತಿಕೊಂಡರು.
"ನಿಲ್ಲಿ" ಅಂದೆ, "ಮೊದಲು ಟೆಸ್ಟರು."

ಎಲ್ಲ ಸರಿಯಾಗಿಯೂ ಮೀಟರಿನ ಮುಳ್ಳು ಏಳಲಿಲ್ಲ.
ಕಬ್ಬಿಣಕ್ಕೆ ಹಳೆಯ ಓಟದ ಕಾಂತ ಒಂದು ಚಿಟಿಕೆ ನೆನಪಿರಬೇಕು,
ಹಾಲಿಗೆ ಹೆಪ್ಪಿನಂತೆ. ಅಷ್ಟಿದ್ದರೆ
ಉಳಿದದ್ದನ್ನು ಅದೇ ಕೂಡಿಸಿಕೊಳ್ಳುತ್ತದೆ.
ಐವತ್ತೆರಡು ದಿನದಲ್ಲಿ ಹೆಪ್ಪು ಸತ್ತಿತ್ತು.
ಮತ್ತೆ ಇಂಜಿನು ನಿಲ್ಲಿಸಿ, ಮತ್ತೆ ಚಾವಿ ಜೇಬಿಗೆ,
ಫೀಲ್ಡಿನ ಜೋಡಿಯನ್ನು ಡಬ್ಬಿಯಿಂದ ಬಿಡಿಸಿ
ಹನ್ನೆರಡು ವೋಲ್ಟಿನ ಬ್ಯಾಟರಿಗೆ ಮುಟ್ಟಿಸಿದೆ,
ಕೂಡುವುದಕ್ಕೆ ಕೂಡುವುದು, ಕಳೆಯುವುದಕ್ಕೆ ಕಳೆಯುವುದು,
ಮೇಸ್ತ್ರಿಯ ಮೂರು ಬೆರಳು ಎಣಿಸುವಷ್ಟು ಹೊತ್ತು.

ಜೋಡಿಯನ್ನು ಮತ್ತೆ ಡಬ್ಬಿಗೆ ಸೇರಿಸಿ, ತಿರುಪನ್ನು ಪೂರ್ತಿ ಎಡಕ್ಕಿಳಿಸಿ,
ಭಾರ ಏನೂ ಹಾಕದೆ ಸ್ಟಾರ್ಟ್.
ಐವತ್ತು ಹರ್ಟ್ಸ್ ನಿಂತ ಮೇಲೆಯೇ ಸ್ಕ್ರೂಡ್ರೈವರು:
ನೂರ ಎಂಬತ್ತು. ಕೂದಲೆಳೆ ತಿರುವಿಗೆ ಇನ್ನೂರು.
ಇನ್ನೂರ ಇಪ್ಪತ್ತು.
ಇನ್ನೂರ ಮೂವತ್ತು, ಸಾಕು.
ಕಂಪ್ರೆಸರು ಎಳೆದಾಗ ಮುಳ್ಳು ಒಮ್ಮೆ ಬಾಗಿತು,
ಮತ್ತೆ ನೆಟ್ಟಗಾಯಿತು.

ಗೋಡೆಯಲ್ಲಿ ಇನ್ನೊಂದು ಹಲ್ಲಿ ಲೊಚಗುಟ್ಟಿತು,
ಯಾರ ಮಾತಿಗೆ ಸತ್ಯವೆಂದದ್ದೋ.
ಕೇಬಲ್ ಬರುವ ತೂತಿಗೆ ತಂತಿಬಲೆಯ ತುಂಡು ಬಿಗಿದು
ಚಾವಿಯನ್ನು ಧಣಿಯ ಕೈಯಲ್ಲಿಟ್ಟೆ.