ಇನ್ನೂ ಸ್ವಲ್ಪ ಒಳಗೆ

ಕಂಕನಾಡಿಯ ನಮ್ಮ ಲ್ಯಾಬಿನಲ್ಲಿ ಎಸಿ ಇರುವುದು ಜನರಿಗಲ್ಲ,
ಮೇಣಕ್ಕೆ.
ಮೇ ತಿಂಗಳಲ್ಲಿ ಕರೆಂಟು ಹೋದರೆ
ಬ್ಲಾಕುಗಳನ್ನು ಐಸಿನ ಮೇಲೆ ಮಲಗಿಸುತ್ತೇನೆ
ದಕ್ಕೆಯಲ್ಲಿ ಬಂಗುಡೆ ಮಲಗಿಸಿದ ಹಾಗೆ.

ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ ಸೀಳುವುದು.
ಒಂದು ಕೂದಲನ್ನು ಇಪ್ಪತ್ತು ಮಾಡಿದರೆ ಎಷ್ಟೋ, ಅಷ್ಟು ತೆಳು.
ಬೆಚ್ಚಗಿನ ನೀರಿಗೆ ಬಿಟ್ಟರೆ ಸುಕ್ಕು ಬಿಡಿಸಿಕೊಂಡು ತೇಲುತ್ತದೆ,
ಗಾಜಿಗೆ ಎತ್ತಿಕೊಳ್ಳಬೇಕು
ಉಸಿರು ತಾಗದ ಹಾಗೆ.

ಮೊನ್ನೆ ಬಂದದ್ದು ಅವರೆಕಾಳಿನಷ್ಟು ತುಂಡು.
ಲಿಲ್ಲಿ ಸಿಕ್ವೇರ, ಐವತ್ತೆಂಟು,
ಪಾಂಡೇಶ್ವರದ ಅಂಚೆ ಕಚೇರಿ, ಪಾರ್ಸೆಲ್ ಕೌಂಟರು.
ಎಡಕಿವಿಯ ಕೆಳಗೆ ಗಂಟು, ಮೂರು ವರ್ಷದ್ದು.
ಚೀಟಿಯಲ್ಲಿ ಬರೆದದ್ದು: ನೋವು, ಆಗಾಗ.
ಬಿಂಬುಳಿ ಉಪ್ಪಿನಕಾಯಿ ನಾಲಿಗೆಗೆ ತಾಗಿದರೆ
ಅಲ್ಲಿ ಯಾರೋ ಚಿವುಟಿದ ಹಾಗೆ ಆಗುತ್ತದೆಂದು
ಅವರೇ ಹೇಳಿದ್ದು, ಬಿಲ್ಲಿನ ಸಾಲಿನಲ್ಲಿ ನಿಂತು,
ನನ್ನನ್ನು ಡಾಕ್ಟರೆಂದು ಬಗೆದು.

ಸೂಜಿ ಪರೀಕ್ಷೆ ಮೊದಲೇ ಹೇಳಿತ್ತು: ಸಾಧು ಗೆಡ್ಡೆ.
ಸರ್ಜನ್ ಫೋನಿನಲ್ಲಿ ಎರಡು ಸಲ: ಆಯಿತಾ?

ರುಕಿಯಾ ಡಾಕ್ಟರು ಸೈನು ಹಾಕಲಿಲ್ಲ.
ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತವರು ಕೂತೇ ಇದ್ದರು,
ಚಾ ಕೆನೆಗಟ್ಟಿತು.
ಆಮೇಲೆ ಕರೆದರು: ನೋಡಿ ಯಶೋದಾ, ನೀರುದೋಸೆ.

ಹೌದು ಮಾರಾಯ್ರೆ. ಕಾವಲಿಗೆ ಹಾರಿಸಿ ಹೊಯ್ದ
ನೀರುದೋಸೆಯದೇ ಕಣ್ಣುಗಳು.
ಸುತ್ತ ನೇರಳೆ ಕಾಳು, ನಡುವೆ ತೂತು,
ತೂತಿನೊಳಗೆ ಮಬ್ಬು ಗಂಜಿತಿಳಿ.
ಇಷ್ಟು ಅಚ್ಚುಕಟ್ಟಾದದ್ದು ಕಂಡರೆ ಹೆದರಬೇಕೆಂದು
ನನಗೆ ಕಲಿಸಿದ್ದು ಈ ಕೆಲಸ.

"ಸಾಧುವೂ ಒಮ್ಮೊಮ್ಮೆ ಇದೇ ವೇಷ ಹಾಕುತ್ತದೆ.
ನನಗೆ ನರ ಬೇಕು. ಇನ್ನೂ ಸ್ವಲ್ಪ ಒಳಗೆ ಹೋಗಿ."

ಹೋದೆ. ಹತ್ತು ಸೀಳು ಬಿಸಾಡಿ ಒಂದು ಹಿಡಿ,
ಮತ್ತೆ ಹತ್ತು ಬಿಸಾಡು.
ಹೊರಗೆ ಕಂಡಕ್ಟರ ಕೂಗು: ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್.
ಅವರೆಕಾಳು ಸವೆದು ಅದರ ಸಿಪ್ಪೆಯಷ್ಟಾಯಿತು.
ಮುಗಿದರೆ ಮುಗಿಯಿತು.
ಇನ್ನೊಂದು ತುಂಡು ಕೊಡಿ ಎಂದು ಯಾವ ಬಾಯಲ್ಲಿ ಕೇಳುವುದು
ಒಬ್ಬರ ಕೆನ್ನೆಯನ್ನು?

ಮೂವತ್ತೊಂದನೆಯದರಲ್ಲಿ ಇತ್ತು.
ತೆಳುಗುಲಾಬಿ ನರ, ಅದರ ಸುತ್ತ ನೇರಳೆ ಉಂಗುರ,
ಅಳತೆ ಕೊಟ್ಟು ಮಾಡಿಸಿದ ಹಾಗೆ.
ಈ ದಾರಿ ಹಿಡಿದು ಅದು ಮೇಲಕ್ಕೆ ನಡೆಯುತ್ತದಂತೆ,
ವರ್ಷಗಟ್ಟಲೆ. ಅವಸರವೇ ಇಲ್ಲವಂತೆ ಅದಕ್ಕೆ.

ಅಡೆನಾಯ್ಡ್ ಸಿಸ್ಟಿಕ್ ಕಾರ್ಸಿನೋಮ.
ಟೈಪು ಮಾಡುವಾಗ ಕಾಗುಣಿತ ನೋಡಬೇಕಾಯಿತು,
ಅಷ್ಟು ಅಪರೂಪ.

ಶನಿವಾರ ಕೌಂಟರಿನ ಹುಡುಗಿ ಊಟಕ್ಕೆ ಹೋದಾಗ
ಲಿಲ್ಲಿಬಾಯಿ ಬಂದರು. ಕೊಡೆ ಮಡಚಿ ಗೋಡೆಗೆ ಒರಗಿಸಿದರು.
ಲಕೋಟೆ ಕೊಟ್ಟೆ. ಬಿಡಿಸಲಿಲ್ಲ.
ತಿರುಗಿಸಿ, ಅಂಚಿಗೆ ಬೆರಳು ಎಳೆದು ನೋಡಿದರು,
ಮೂವತ್ತು ವರ್ಷದ ಅಭ್ಯಾಸ.

"ನಿಮ್ಮ ಗೋಂದು ಹಿಡಿಯಲಿಲ್ಲ ಇಲ್ಲಿ" ಎಂದರು.
ನಾಲಿಗೆಯ ತುದಿಯಿಂದ ಒದ್ದೆ ಮಾಡಿ
ಹೆಬ್ಬೆರಳಲ್ಲಿ ಒತ್ತಿ ಹಿಡಿದರು, ಒಂದು, ಎರಡು, ಮೂರು.
ಆಮೇಲೆ ನನ್ನನ್ನು ನೋಡಿ ನಕ್ಕರು.

ಎರಡೂ ಕೆನ್ನೆ ಒಟ್ಟಿಗೇ ಎದ್ದವು.
ಇನ್ನೂ.