ಟಿಕೆಟ್ಟಿನ ಹಿಂದೆ ಬರೆದದ್ದು

ಹನ್ನೊಂದು ವರ್ಷ ಈ ರೋಡನ್ನು ಕೂಗಿದ್ದೇನೆ,
ನೋಡಿರಲಿಲ್ಲ.
ಹಾಸನದಿಂದ ದುದ್ದ, ದುದ್ದದಿಂದ ಹಾಸನ,
ದಿನಕ್ಕೆ ಆರು ಸಿಂಗಲ್ಲು.
ಒಂದು ಕೈ ಕಂಬಿಗೆ, ಒಂದು ಕೈ ಮಿಷನ್ನಿಗೆ,
ಬಾಯಿ ಮುಂದಿನ ಸ್ಟಾಪಿಗೆ,
ಕಣ್ಣು ಯಾವಾಗಲೂ
ಯಾರದೋ ಮುಷ್ಟಿಯೊಳಗಿನ ಹತ್ತರ ನೋಟಿಗೆ.

ಡಿಪೋದಲ್ಲಿ ಸಾಲಾಗಿ ನಿಂತ ಬಸ್ಸುಗಳ
ಟೈರಿನ ಬುಡದಲ್ಲಿ ಗರಿಕೆ ಚಿಗುರಿದ ಮೇ ತಿಂಗಳು
ಮಗಳ ಸೈಕಲ್ ಹೊರಗಿಳಿಸಿದೆ.
ಎಂಟನೇ ಕ್ಲಾಸಿಗೆ ಸರ್ಕಾರ ಕೊಟ್ಟದ್ದು,
ಬುಟ್ಟಿಗೆ ಸುತ್ತಿದ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ.
"ಬೀಳ್ತೀಯಮ್ಮ" ಅಂದಳು ಸಿಂಚು.
ಬಿದ್ದೆ. ಡೈರಿ ಸರ್ಕಲ್ಲಿನ ನಟ್ಟನಡುವೆ, ಬೆಳಗ್ಗೆ ಆರೂವರೆಗೆ.
ನಗುವುದಕ್ಕೂ ಒಬ್ಬರಿಲ್ಲದ ಜಾಗದಲ್ಲಿ ಬೀಳುವುದು
ಎಂಥ ಸುಖ!
ಎದ್ದು ಮಂಡಿ ಒರೆಸಿ
ನನಗೆ ನಾನೇ "ರೈಟ್" ಅಂದೆ.

ಆರರಿಂದ ಹತ್ತು, ಅಷ್ಟೇ ಪರವಾನಗಿ.
ಬುಟ್ಟಿಯಲ್ಲೊಂದು ಖಾಲಿ ಚೀಲ,
ಪೊಲೀಸರು ಕೇಳಿದರೆ ತರಕಾರಿಗೆ.
ಕೇಳಿದರು. ಮಾಸ್ಕಿನ ಮೇಲಿನ ಕಣ್ಣು ನೋಡಿ
"ಓ, ಕಂಡಕ್ಟ್ರಮ್ಮ! ತರಕಾರಿಗೆ ಇಷ್ಟು ದೂರಾನಾ?"
"ಒಂದು ಸ್ಟೇಜು ಜಾಸ್ತಿ ಆಯ್ತು ಸಾರ್."

ಬಸ್ಸಿಗೆ ತಿಳಿಯದ ದಿಬ್ಬಗಳಿವೆ ಇಲ್ಲಿ,
ನನ್ನ ತೊಡೆಗೆ ತಿಳಿದವು, ಒಂದೊಂದಾಗಿ.
ಎರಡು ಸ್ಟಾಪಿನ ನಡುವೆ,
ಹತ್ತು ರೂಪಾಯಿ ಅಂತ ನಾನು ಹರಿದು ಕೊಡುತ್ತಿದ್ದ ದೂರದಲ್ಲಿ
ಒಂದು ಕಟ್ಟೆ ಇದೆ, ಕಟ್ಟೆಯ ತುಂಬ ಬೆಳ್ಳಕ್ಕಿ.
ಬಿತ್ತನೆ ಆಲೂಗಡ್ಡೆ ಹೋಳು ಮಾಡುತ್ತ
ಬದುವಿನ ಮೇಲೆ ಹೆಂಗಸರ ಸಾಲು.
ಹೋಳಿಗೊಂದಾದರೂ ಕಣ್ಣಿರಬೇಕಂತೆ,
ಇಲ್ಲದಿದ್ದರೆ ಮೊಳೆಯುವುದಿಲ್ಲವಂತೆ.

ಮೋರಿಯ ಮೇಲೆ ಕೂತು
ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆ.
ಕೂತು ತಿಂದೆ ಅನ್ನುವುದನ್ನು ಇನ್ನೊಂದು ಸಲ ಹೇಳಬೇಕು.
ಏಳು ನಿಮಿಷದಲ್ಲಿ ನಿಂತು ನುಂಗುತ್ತಿದ್ದ ರೊಟ್ಟಿಗೆ
ಅಂಚು ಅಂತ ಒಂದಿದೆ, ಗರಿಗರಿ.

ಆಮೇಲೆ ಇಳಿಜಾರು.
ಪೆಡಲು ಬಿಟ್ಟು ಎರಡೂ ಕಾಲು ಚಾಚಿದೆ.
ವೇಲು ಹಿಂದೆಲ್ಲೋ, ಹೊಟ್ಟೆಯೊಳಗೆ ಎಳೆಗರುವಿನ ನೆಗೆತ.
ನಲವತ್ತಮೂರು ನನಗೆ.
ಯಾರೂ ಹತ್ತಲಿಲ್ಲ, ಯಾರೂ ಇಳಿಯಲಿಲ್ಲ,
ಮಾಸ್ಕು ಗದ್ದಕ್ಕಿಳಿಸಿ
ಸ್ಟಾಪುಗಳ ಹೆಸರನ್ನೆಲ್ಲ ಒಂದು ಸಲ ಕೂಗಿದೆ, ಸುಮ್ಮನೆ.

ಕೊರವಂಗಲ ಗೇಟಿನಲ್ಲಿ ನಿಂಗಾಜಮ್ಮ,
ಸೊಪ್ಪಿನ ಕುಕ್ಕೆಗೆ ಲಗೇಜ್ ಕೇಳಿದರೆ
ನನ್ನ ಏಳು ತಲೆಮಾರು ಜಾಲಾಡುತ್ತಿದ್ದವಳು,
ದೂರದಿಂದಲೇ ಕೈ ಅಡ್ಡ ಹಿಡಿದಳು,
ಬಸ್ಸಿಗೆ ಹಿಡಿದ ಹಾಗೆ.
ಎಲೆಅಡಿಕೆ ಚೀಲದ ಒಳಮಡಿಕೆಯಿಂದ
ಬಿಡಿಸಿದಳು ಒಂದು ಟಿಕೆಟ್ಟು.
ಮಿಷನ್ನಿನ ಅಕ್ಷರ ಪೂರಾ ಮಾಸಿದೆ,
ಊರಿಲ್ಲ, ತಾರೀಕಿಲ್ಲ, ರೇಟಿಲ್ಲ.
ಹಿಂದೆ ನನ್ನ ಪೆನ್ನು ಮಾತ್ರ ಹಾಗೇ ಇದೆ: ೧೩.
"ಚಿಲ್ರೆ ಕೊಡ್ದೆ ಹೋದ್ಯಲ್ಲ ತಾಯಿ,
ಬಸ್ಸು ನಿಂತ್ರೆ ಸಾಲ ನಿಲ್ತದಾ?"

ಹೆಗಲು ತಡವಿಕೊಂಡೆ. ಬ್ಯಾಗಿರಲಿಲ್ಲ.
ಮಾರನೇ ಬೆಳಗ್ಗೆ ಮತ್ತೆ ಅದೇ ದಿಬ್ಬ, ಅದೇ ಬೆಳ್ಳಕ್ಕಿ.
ಹತ್ತರ ನೋಟು, ಎರಡರದೊಂದು, ಒಂದರದೊಂದು.
ಕೈಗೆ ಕೈ ತಾಗಬಾರದಲ್ಲ,
ಮೈಲಿಗಲ್ಲಿನ ಮೇಲಿಟ್ಟು ಹಿಂದೆ ಸರಿದೆ.
ಅವಳು ಬಂದು ಎಣಿಸಿದಳು, ಎರಡು ಸಲ.
ಅದೇ ಕಲ್ಲಿನ ಮೇಲೆ ಒಂದು ಕಟ್ಟು ದಂಟು ಇಟ್ಟು
"ಇದ್ಕೆ ಲಗೇಜ್ ಹಾಕ್ಕೊಬೇಡ" ಅಂದಳು.

ಸಂಜೆ ಆಸ್ಪತ್ರೆಯಿಂದ ಕಾಳೇಗೌಡರ ಫೋನು.
ನಮ್ಮ ಡ್ರೈವರು. ಎರಡು ಮಾತಿಗೊಂದು ಉಸಿರು.
ಜ್ವರ ಹೇಗಿದೆ ಅಂತ ನಾನು ಕೇಳುವ ಮೊದಲೇ
"ಗೇಟ್ ಹತ್ರ… ಆ ಗುಂಡಿ… ಮುಚ್ಚಿದ್ರಾ?"
"ಇಲ್ಲ ಗೌಡ್ರೆ, ಹಂಗೇ ಐತೆ.
ಮಳೆನೀರು ನಿಂತು ಗುಬ್ಬಿ ಸ್ನಾನ ಮಾಡ್ತಿದ್ವು."
ಆ ಕಡೆ ಬಹಳ ಹೊತ್ತು ಉಸಿರು ಮಾತ್ರ.
"ಎಷ್ಟು ಗುಬ್ಬಿ?"

ಎಣಿಸಿರಲಿಲ್ಲ.
"ನಾಳೆ ನೋಡ್ಕೊಂಡು ಬಂದು ಹೇಳ್ತೀನಿ."