ಅಂದಾಜು

ಜಬ್ಬಾರ್ ಮೇಸ್ತ್ರಿ ಜೀಪಿನಡಿಯಿಂದ
ಮೊದಲು ಹೊಟ್ಟೆ, ಆಮೇಲೆ ಗಡ್ಡ,
ಕೊನೆಗೆ ಕಣ್ಣು ಹೊರಗೆ ತಂದು
ಬೀಡಿಕಟ್ಟಿನ ಕಾಗದದ ಮೇಲೆ ಬರೆದ:
ಒಂದು ಲಕ್ಷದ ಮೂವತ್ತೆಂಟು ಸಾವಿರ.
"ಕೂಲಿ ಬೇರೆ, ಕೆರಿಯಣ್ಣ. ಅದನ್ನ
ನಿನ್ನ ಮುಖ ನೋಡಿ ಹೇಳ್ತೀನಿ.
ಈಗ ಬೇಡ, ಈಗ ನಿನ್ನ ಮುಖ ಸರಿಯಿಲ್ಲ."

ಸಾಗರ ರಸ್ತೆ, ಆಟೋ ಕಾಂಪ್ಲೆಕ್ಸು,
ಬೆಳಗಿನ ಹನ್ನೊಂದು, ಗ್ರೀಸಿನ ಮೇಲೆ ಬಿಸಿಲು.
ಮೂರಂಗಡಿ ಆಚೆ, ಇಳಿಜಾರಿನ ಕೊನೆಗೆ,
ಗುಜರಿಯವನು ಕಣ್ಣಲ್ಲೇ ತೂಗುತ್ತಿದ್ದಾನೆ:
ನಲವತ್ತೆರಡು, ಹೆಚ್ಚೆಂದರೆ ನಲವತ್ತೈದು.
ಹೊಸದಕ್ಕೆ ಹನ್ನೆರಡೂವರೆ ಲಕ್ಷ, ಅರವತ್ತು ಕಂತು,
ಶೋರೂಮಿನ ಹುಡುಗ ನಿನ್ನೆ ಕಾಫಿ ಕೊಟ್ಟು ಹೇಳಿದ.
ಕಾಫಿ ಚೆನ್ನಾಗಿತ್ತು.

ಎಂಜಿನ್ ಎರಡನೆಯದು.
ಗೇರ್‌ಬಾಕ್ಸು ಆಗುಂಬೆಯ ಹತ್ತಿರ ಪಲ್ಟಿ ಹೊಡೆದ
ಯಾರದೋ ಜೀಪಿನದು.
ಬಾಗಿಲು ಒಂದು ಹಸಿರು, ಒಂದು ಬಿಳಿ.
ಹಿಂದಿನ ಸೀಟು ಹಳೇ ಬಸ್ಸಿನದು,
ಬೆನ್ನ ಮೇಲೆ ಇನ್ನೂ "ಮಹಿಳೆಯರಿಗೆ" ಅಂತಿದೆ,
ಇಷ್ಟು ವರ್ಷ ಕೂತವರೆಲ್ಲ ಲೈನ್‌ಮನ್‌ಗಳು.
ಹುಟ್ಟಿದಾಗಿನದು ಅಂತ ಉಳಿದದ್ದು ಚಾಸಿ ಒಂದೇ,
ಮತ್ತೆ ಓಡಿಸುವ ನಾನು.
ನನ್ನಲ್ಲೂ ಎರಡು ಹಲ್ಲು ಕಂಪನಿಯವಲ್ಲ.

ನಗರ ಹೋಬಳಿಯ ಆ ದಾರಿಗಳಲ್ಲಿ,
ದಾರಿ ಅಂತ ನಾವು ಹೇಳಬೇಕು ಅಷ್ಟೆ,
ಏನೇನು ಹೊತ್ತಿಲ್ಲ ಇದು!
ಕರೆಂಟಿನ ತಂತಿಯ ಸುರುಳಿ, ಟ್ರಾನ್ಸ್‌ಫಾರ್ಮರಿನ ಎಣ್ಣೆ,
ಓಟಿನ ಪೆಟ್ಟಿಗೆ, ಅದರ ಪಕ್ಕ ಬಂದೂಕು ಹಿಡಿದೇ
ವಾಂತಿ ಮಾಡಿಕೊಂಡ ಬಯಲುಸೀಮೆಯ ಪೊಲೀಸು,
ದನದ ಡಾಕ್ಟರರ ಹೊಗೆಯಾಡುವ ಕ್ಯಾನು,
ಒಮ್ಮೆ ನಲವತ್ತು ಜೇನುಪೆಟ್ಟಿಗೆ.
ಮೂವತ್ತೊಂಬತ್ತಕ್ಕೆ ಮುಚ್ಚಳ ಭದ್ರವಾಗಿತ್ತು.

ಟ್ಯಾಂಕು ಸೋರಿದರೆ ಬಟ್ಟೆಸೋಪು ಮೆತ್ತುತ್ತಿದ್ದೆ,
ಪೈಪು ಒಡೆದರೆ ಟ್ಯೂಬು ಸುತ್ತುತ್ತಿದ್ದೆ,
ಏನೂ ಇಲ್ಲದಿದ್ದರೆ ಬೈಯುತ್ತಿದ್ದೆ.
ಬೈದರೆ ಕೆಲವು ಸಲ ಹೊರಡುತ್ತಿತ್ತು, ಸುಳ್ಳಲ್ಲ.
ಹೊಸದು ಕೆಟ್ಟರೆ ಕಂಪ್ಯೂಟರು ಹಚ್ಚಿ ನೋಡಬೇಕಂತೆ.
ನೇತ್ರಾವತಿ, ಲೆಕ್ಕದ ಪುಸ್ತಕ ಇಡುವವಳು,
ಫೋನಿನಲ್ಲಿ ಕೇಳಿದ್ದು ಒಂದೇ ಮಾತು:
"ಹೋದ ವರ್ಷ ಎಷ್ಟು ದಿನ ಅದು ಓಡಿತು,
ಎಷ್ಟು ದಿನ ನೀವು ಅದರ ಕೆಳಗೆ ಮಲಗಿದ್ರಿ?"
ಸಿಗ್ನಲ್ ಇಲ್ಲ ಅಂದೆ.
ಶಿವಮೊಗ್ಗದ ನಡುವೆ ನಿಂತು ಸಿಗ್ನಲ್ ಇಲ್ಲ ಅಂದೆ.

ಮೇಸ್ತ್ರಿ ಸುತ್ತಿಗೆ ಕೈಗೆ ಕೊಟ್ಟ.
ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮವ್ವ
ಬೆರಳ ಗೆಣ್ಣಿಂದ ಬಡಿದು ಕಿವಿಗೊಡುತ್ತಿದ್ದಳಲ್ಲ,
ಹಾಗೆ, ಕೂತು, ಚಾಸಿ ಬಡಿದೆ.
ಎಡಕ್ಕೆ ಠಣ್.
ಬಲಕ್ಕೆ, ಸ್ಪ್ರಿಂಗಿನ ಹಿಂದೆ,
ದೊಪ್.
"ಕೇಳ್ತಾ?" ಅಂದ.
ಕೇಳಿತು.
"ಪ್ಲೇಟು ಕೊಟ್ಟು ಬೆಸುಗೆ ಹಾಕಬಹುದು, ನಿಲ್ಲುತ್ತೆ.
ಎಲ್ಲೀತನಕ ಅಂತ ಕೇಳಬೇಡ.
ಲಕ್ಷದ ಕೆಲಸ, ನನಗೇನು ಬೇಡವಾ?
ಆದ್ರೆ ನನ್ನ ಮಗ ಡ್ರೈವರಾಗಿದ್ರೆ
ಈ ಗಾಡಿ ಕೊಟ್ಟು ಘಾಟಿ ಇಳಿ ಅಂತಿರಲಿಲ್ಲ."

ನನಗೆ ಸಿಟ್ಟು ಬಂತು.
ಹದಿನೆಂಟು ವರ್ಷದಲ್ಲಿ ಒಂದು ಸಲವೂ
ಆಗಲ್ಲ ಅನ್ನದ ಬಾಯಿ ಅದು.
ಬೀಡಿಯ ಕಾಗದ ಮಡಚಿದೆ, ಬಿಡಿಸಿದೆ,
ಅಂಕಿ ಅಷ್ಟೇ ಇತ್ತು.

"ಬಿಚ್ಚು" ಅಂದೆ.
"ಬಿಚ್ಚು ಅಂದ್ರೆ? ರಿಪೇರಿಗಾ, ಗುಜರಿಗಾ?"
"ಎರಡಕ್ಕೂ ಮೊದಲು ಬಿಚ್ಚಲೇಬೇಕಲ್ಲ ಮಾರಾಯ."
ಅವನು ನಕ್ಕು, ನಗದೆ,
ಸ್ಪ್ಯಾನರ್ ತರಲು ಒಳಗೆ ಹೋದ.

ಹ್ಯಾಂಡ್‌ಬ್ರೇಕು ಸತ್ತು ಹದಿನಾಲ್ಕು ವರ್ಷ.
ಅಂದಿನಿಂದ ಜೊತೆಗಿದೆ ವಾರಾಹಿ ಹೊಳೆಯ ಒಂದು ಕಲ್ಲು,
ನಿಂತಲ್ಲೆಲ್ಲ ಚಕ್ರಕ್ಕೆ ಕೊಟ್ಟು ಕೊಟ್ಟು
ಒಂದು ಮಗ್ಗುಲು ಟೈರಿನ ಆಕಾರಕ್ಕೇ ಸವೆದಿದೆ.
ಬಿಚ್ಚುವ ಗಲಾಟೆಯಲ್ಲಿ ಕಳೆದುಹೋದೀತೆಂದು
ಅದನ್ನು ಎಳೆದು ತೆಗೆದೆ.

ಜೀಪು ಒಂದು ಗೇಣು ಉರುಳಿತು,
ಗುಜರಿಯ ಕಡೆಗೆ.
ಅಲ್ಲಿ ಇಳಿಜಾರಿದೆ, ಅಷ್ಟೆ.

ಕಲ್ಲು ಮತ್ತೆ ಕೊಟ್ಟೆ.